ನಾಗರಿಕತೆಯ ಹೆಸರಿನಲ್ಲಿ ಕಾಂಗೋ ಲೂಟಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯೂರೋಪಿನ ರಾಷ್ಟ್ರಗಳು ಆಫ್ರಿಕಾ ಖಂಡವನ್ನು ಹಂಚಿಕೊಂಡ ವೇಗ ಇಂದಿಗೂ ಬೆರಗು ಹುಟ್ಟಿಸುತ್ತದೆ. 1870ರ ಸುಮಾರಿಗೆ ಖಂಡದ ಹತ್ತರಲ್ಲೊಂದು ಭಾಗ ಮಾತ್ರ ಯೂರೋಪಿಯನ್ನರ ಹಿಡಿತದಲ್ಲಿತ್ತು. 1914ರ ವೇಳೆಗೆ ಇಥಿಯೋಪಿಯ, ಲೈಬೀರಿಯಗಳನ್ನು ಬಿಟ್ಟು ಉಳಿದ ಬಹುತೇಕ ನೆಲವೆಲ್ಲ ಅವರ ವಶವಾಗಿತ್ತು. ಇದರ ಹಿಂದಿದ್ದ ಉದ್ದೇಶಗಳಿಗೂ ಅವಕ್ಕೆ ಕೊಟ್ಟ ಸಮರ್ಥನೆಗಳಿಗೂ ಇದ್ದ ನಂಟು ಕಾಂಗೋ ನದಿಯ ಕಣಿವೆಯಲ್ಲಿ ಕಾಣಿಸುವಷ್ಟು ನಿಚ್ಚಳವಾಗಿ ಬೇರೆಡೆ ಕಾಣಿಸುವುದು ಅಪರೂಪ.

ಉದ್ದೇಶಗಳಲ್ಲಿ ಮೊದಲನೆಯದು ಆರ್ಥಿಕವಾದುದು. ಕೈಗಾರಿಕೆಗಳಿಗೆ ರಬ್ಬರು, ತಾಳೆ ಎಣ್ಣೆ, ಹತ್ತಿ, ತಾಮ್ರಗಳಂತಹ ಕಚ್ಚಾವಸ್ತುಗಳು ಬೇಕಿದ್ದವು. ತಯಾರಾದ ಸರಕಿಗೆ ಹೊಸ ಮಾರುಕಟ್ಟೆ ಬೇಕಿತ್ತು. ಸ್ವದೇಶದ ಕಾರ್ಮಿಕರಿಗೆ ಕಡಿಮೆ ಕೂಲಿ ಸಿಗುತ್ತಿದ್ದುದರಿಂದ ಸರಕು ಕೊಳ್ಳುವವರಿಲ್ಲದೆ, ಮಿಕ್ಕುಳಿದ ಬಂಡವಾಳವು ಹೊರದೇಶಗಳಲ್ಲಿ ಹೂಡಿಕೆಯ ದಾರಿ ಹುಡುಕಿತೆಂದು ಬ್ರಿಟಿಷ್ ಅರ್ಥಚಿಂತಕ ಜೆ. ಎ. ಹಾಬ್ಸನ್ 1902ರಲ್ಲಿಯೇ ವಾದಿಸಿದ. ಇದಕ್ಕೆ ರಾಷ್ಟ್ರಗಳ ನಡುವಣ ಪೈಪೋಟಿ ಸೇರಿಕೊಂಡಿತು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್, ಉಗಿಹಡಗು ಮತ್ತು 1884ರಲ್ಲಿ ರೂಪುಗೊಂಡ ಮ್ಯಾಕ್ಸಿಮ್ ಬಂದೂಕುಗಳು ಒಳನಾಡಿನ ಆಕ್ರಮಣವನ್ನು ಸುಲಭಗೊಳಿಸಿದವು.

ಆದರೆ ಲಾಭಕ್ಕಾಗಿ ನೆಲ ಬೇಕೆಂದು ಬಾಯಿಬಿಟ್ಟು ಹೇಳಿದರೆ ಸಂಸತ್ತುಗಳ, ಚರ್ಚುಗಳ, ಸಾರ್ವಜನಿಕರ ಒಪ್ಪಿಗೆ ದೊರೆಯುವುದು ಕಷ್ಟವಿತ್ತು. ಆದುದರಿಂದ ಹಿಂದುಳಿದವರನ್ನು ನಾಗರಿಕರನ್ನಾಗಿಸುವುದು, ಕ್ರೈಸ್ತ ಧರ್ಮವನ್ನು ಹರಡುವುದು, ಗುಲಾಮರ ವ್ಯಾಪಾರವನ್ನು ನಿಲ್ಲಿಸುವುದು ತಮ್ಮ ಕರ್ತವ್ಯವೆಂಬ ವಾದ ಮುಂದೆ ಬಂದಿತು. ಜೀವಿವಿಕಾಸದ ಸಿದ್ಧಾಂತವನ್ನು ಮನುಷ್ಯ ಸಮಾಜಗಳಿಗೆ ತಪ್ಪಾಗಿ ಅನ್ವಯಿಸಿ, ಬಲಶಾಲಿ ಜನಾಂಗವು ದುರ್ಬಲರನ್ನು ಆಳುವುದು ನಿಸರ್ಗನಿಯಮವೆಂದು ಸಾರಿದ 'ಸಾಮಾಜಿಕ ಡಾರ್ವಿನ್‌ವಾದ' ಇದಕ್ಕೆ ವಿಜ್ಞಾನದ ವೇಷ ತೊಡಿಸಿತು. ಶ್ರೇಷ್ಠ ಜನಾಂಗಗಳಿಗೆ ಇತರರ ಮೇಲೆ ಹಕ್ಕೂ ಕರ್ತವ್ಯವೂ ಇದೆಯೆಂದು ಫ್ರಾನ್ಸಿನ ರಾಜಕಾರಣಿ ಜೂಲ್ ಫೆರಿ 1885ರಲ್ಲಿ ಸಂಸತ್ತಿನಲ್ಲಿಯೇ ಪ್ರತಿಪಾದಿಸಿದ.

ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೋಪೋಲ್ಡ್ ಈ ಸಮರ್ಥನೆಗಳನ್ನು ಎಲ್ಲರಿಗಿಂತ ಜಾಣತನದಿಂದ ಬಳಸಿಕೊಂಡ. 1876ರಲ್ಲಿ ಬ್ರಸೆಲ್ಸಿನಲ್ಲಿ ಭೂಗೋಳ ಸಮ್ಮೇಳನವನ್ನು ಕರೆದು ಪರೋಪಕಾರಿ ಸಂಘವೊಂದನ್ನು ಕಟ್ಟಿದ. ಅನಂತರ ಅನ್ವೇಷಕ ಸ್ಟಾನ್ಲಿಯ ಮೂಲಕ ಕಾಂಗೋದ ನೂರಾರು ಮುಖ್ಯಸ್ಥರಿಂದ, ಅವರಿಗೆ ಓದಲಾಗದ ಭಾಷೆಯಲ್ಲಿದ್ದ ಒಪ್ಪಂದಗಳಿಗೆ ಗುರುತು ಹಾಕಿಸಿಕೊಂಡ. ಆಫ್ರಿಕಾದ ಬಗ್ಗೆ ಚರ್ಚಿಸಲು ಸೇರಿದ 1884-85ರ ಬರ್ಲಿನ್ ಸಮ್ಮೇಳನದಲ್ಲಿ 14 ರಾಷ್ಟ್ರಗಳ ಪ್ರತಿನಿಧಿಗಳಿದ್ದರೂ ಆಫ್ರಿಕಾದ ಜನರ ಪರವಾಗಿ ಒಬ್ಬನೂ ಇರಲಿಲ್ಲ. ಮೂಲನಿವಾಸಿಗಳ ರಕ್ಷಣೆ ಮತ್ತು ಮುಕ್ತ ವ್ಯಾಪಾರದ ಭರವಸೆಗಳ ನಡುವೆ, ಬೆಲ್ಜಿಯಮ್ಮಿಗಿಂತ ಎಪ್ಪತ್ತು ಪಟ್ಟಿಗೂ ಹೆಚ್ಚು ದೊಡ್ಡದಾದ ಈ ನಾಡು 'ಕಾಂಗೋ ಸ್ವತಂತ್ರ ರಾಜ್ಯ' ಎಂಬ ಹೆಸರಿನಲ್ಲಿ ದೊರೆಯ ಸ್ವಂತ ಆಳ್ವಿಕೆಗೆ ಸೇರಿತು. ಗುಲಾಮಗಿರಿಯ ವಿರುದ್ಧ 1889-90ರಲ್ಲಿ ಬ್ರಸೆಲ್ಸಿನಲ್ಲಿ ನಡೆದ ಸಮ್ಮೇಳನವನ್ನೂ ಆತ ಬಿಡಲಿಲ್ಲ; ಹೋರಾಟಕ್ಕೆ ಹಣ ಬೇಕೆಂಬ ನೆಪದಿಂದ, ಬರ್ಲಿನ್ನಿನಲ್ಲಿ ನಿಷೇಧಿಸಿದ್ದ ಆಮದು ಸುಂಕವನ್ನು ವಿಧಿಸಲು ಅನುಮತಿ ಪಡೆದ.

1885ರ ಆಜ್ಞೆಯೊಂದು 'ಖಾಲಿ' ಭೂಮಿಯೆಲ್ಲ ರಾಜ್ಯದ ಸ್ವತ್ತೆಂದು ಸಾರಿದಾಗ, ಜನರು ಬೇಟೆಗೂ ಸರದಿಯ ಬೇಸಾಯಕ್ಕೂ ಬಳಸುತ್ತಿದ್ದ ಕಾಡುಗಳು ಅವರ ಕೈತಪ್ಪಿದವು. 1888ರಲ್ಲಿ ಡನ್ಲಪ್ ಎಂಬಾತ ಗಾಳಿ ತುಂಬಿದ ಟೈರನ್ನು ರೂಪಿಸಿದ ಮೇಲೆ ರಬ್ಬರಿನ ಬೇಡಿಕೆ ಏರಿತು. ಕಾಡುಬಳ್ಳಿಗಳಿಂದ ನಿಗದಿತ ಪ್ರಮಾಣದ ರಬ್ಬರನ್ನು ತಾರದ ಹಳ್ಳಿಗಳ ಹೆಂಗಸರನ್ನು ಒತ್ತೆಯಿಟ್ಟುಕೊಳ್ಳುವುದು, ಗುಡಿಸಲುಗಳನ್ನು ಸುಡುವುದು ಆಡಳಿತದ ಕ್ರಮವೇ ಆಯಿತು. ಗುಂಡು ವ್ಯರ್ಥವಾಗಲಿಲ್ಲವೆಂದು ತೋರಿಸಲು ಸೈನಿಕರು ಕತ್ತರಿಸಿದ ಕೈಗಳನ್ನು ಒಪ್ಪಿಸಬೇಕಿತ್ತು. ಹಿಂಸೆ, ಹಸಿವು, ರೋಗಗಳಿಂದ ಲಕ್ಷಾಂತರ ಜನರು ಸತ್ತರು.

ಕಾಂಗೋದಿಂದ ರಬ್ಬರು, ದಂತಗಳನ್ನು ತುಂಬಿಕೊಂಡು ಬರುವ ಹಡಗುಗಳು ಮರಳಿ ಹೋಗುವಾಗ ಹೆಚ್ಚಾಗಿ ಬಂದೂಕು, ಮದ್ದುಗುಂಡುಗಳನ್ನೇ ಒಯ್ಯುವುದನ್ನು ಹಡಗು ಕಂಪನಿಯೊಂದರ ಗುಮಾಸ್ತನಾಗಿದ್ದ ಇ. ಡಿ. ಮೊರೆಲ್ ಗಮನಿಸಿ, ಇದು ವ್ಯಾಪಾರವಲ್ಲ, ಬಲವಂತದ ದುಡಿಮೆಯೆಂದು ಗ್ರಹಿಸಿದ. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟನ 1904ರ ವರದಿ ಅದನ್ನು ದೃಢಪಡಿಸಿತು. ಜನಾಭಿಪ್ರಾಯದ ಒತ್ತಡಕ್ಕೆ ಮಣಿದು ಲಿಯೋಪೋಲ್ಡ್ 1908ರಲ್ಲಿ ಕಾಂಗೋವನ್ನು ಬೆಲ್ಜಿಯಮ್ ಸರ್ಕಾರಕ್ಕೆ ಬಿಟ್ಟುಕೊಟ್ಟನಾದರೂ ಪರಕೀಯ ಆಳ್ವಿಕೆ 1960ರವರೆಗೂ ಮುಂದುವರಿಯಿತು.

ಕಾಂಗೋದಲ್ಲಿ ಪರೋಪಕಾರದ ಮಾತು ಲೂಟಿಯನ್ನು ಮುಚ್ಚುವ ತೆರೆ ಮಾತ್ರವಾಗಿರದೆ, ಒಪ್ಪಂದ, ಮಾನ್ಯತೆ, ಸುಂಕಗಳನ್ನು ಗಳಿಸಿಕೊಟ್ಟ ಸಾಧನವೇ ಆಗಿತ್ತು. ಆದುದರಿಂದ ಸಾಮ್ರಾಜ್ಯವೊಂದನ್ನು ಅಳೆಯಬೇಕಾದುದು ಅದರ ಘೋಷಣೆಗಳಿಂದಲ್ಲ; ನೆಲ ಯಾರದಾಯಿತು, ದುಡಿದವರು ಯಾರು, ಲಾಭ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳಿಂದ.