ಏನೂ ಮಾಡಲ್ಲ, ಬನ್ನಿ

ಬಸವನಗುಡಿಯಲ್ಲಿ ಬೆಳಗಿನ ಐದೂವರೆಗೆ ಬೀದಿಗೆ ಬಂದವರಿಗೆ ಈ ದೃಶ್ಯ ಹೊಸದಲ್ಲ. ಮಂಕಿ ಟೋಪಿ ಹಾಕಿಕೊಂಡ ಹಿರಿಯರೊಬ್ಬರು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಇರುವ ಕೋಲು, ಯಾರದೋ ಮನೆಯ ಕಾಂಪೌಂಡಿನ ಮೇಲಿಂದ ದಾಸವಾಳದ ಕೊಂಬೆ ಬಗ್ಗಿಸುತ್ತಿರುತ್ತಾರೆ. ದೇವರಿಗೆ ತಾನೇ ಎಂಬ ಧೈರ್ಯ. ಮಲ್ಲೇಶ್ವರದಲ್ಲೂ ಇದೇ ಕಥೆ, ಚಾಮರಾಜಪೇಟೆಯಲ್ಲೂ ಇದೇ ಕಥೆ. ನಮ್ಮ ಮನೆಯ ಕಣಗಿಲೆಗೆ ಬರುತ್ತಿದ್ದವರು ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು.

"ನಾಯಿ ಕಚ್ಚುತ್ತೇನಮ್ಮಾ?" ಎಂದು ಅವರು ಮೊದಲ ದಿನವೇ ಅಮ್ಮನನ್ನು ಕೇಳಿದ್ದರು. ಅಮ್ಮ ಬೆಂಗಳೂರಿನ ಎಲ್ಲ ನಾಯಿ ಮನೆಗಳವರೂ ಹೇಳುವ ಮಾತನ್ನೇ ಹೇಳಿದಳು: "ಏನೂ ಮಾಡಲ್ಲ, ಬನ್ನಿ ಮೇಷ್ಟ್ರೇ."

ಏನೂ ಮಾಡಲ್ಲದ ಪಾಂಡು ಆಗ ಒಂಬತ್ತು ವರ್ಷದವನು. ಬಿಳಿ ಮೈ, ಚೂಪು ಮೂತಿ. ನಾವು ಪಾಮೇರಿಯನ್ ಎಂದು ಕರೆಯುವ, ನಿಜಕ್ಕೂ ಇಂಡಿಯನ್ ಸ್ಪಿಟ್ಜ್ ಆದ ಜಾತಿಯಲ್ಲಿ ಇನ್ನೇನೋ ಬೆರೆತದ್ದು. ಮೇಷ್ಟ್ರ ಕೈ ಗೋಡೆ ದಾಟಿದಾಗಲೆಲ್ಲ ಅವನು ಗುರ್ರೆನ್ನುತ್ತಿದ್ದ. ಅಪ್ಪ ಪೇಪರಿನಿಂದ ತಲೆ ಎತ್ತದೆ "ಶ್, ಸುಮ್ನಿರೋ" ಎಂದು ಗದರುತ್ತಿದ್ದರು. ಹತ್ತು ಹನ್ನೆರಡು ದಿನದಲ್ಲಿ ಪಾಂಡು ಗುರ್ರೆನ್ನುವುದನ್ನು ಬಿಟ್ಟ. ಬುದ್ಧಿ ಬಂತು ಎಂದುಕೊಂಡೆವು. ಮರುವಾರ ಮೇಷ್ಟ್ರು ಕೆಳಗೆ ಬಿದ್ದ ಹೂವಿಗೆಂದು ಗೇಟಿನ ಸರಳುಗಳ ನಡುವೆ ಕೈ ಹಾಕಿದರು. ಸದ್ದಿಲ್ಲ, ಸುಳಿವಿಲ್ಲ. ಹೆಬ್ಬೆರಳಿನ ಬುಡದಲ್ಲಿ ಎರಡು ತೂತು.

"ಇದ್ದಕ್ಕಿದ್ದಂತೆ ಕಚ್ಚಿಬಿಡ್ತು" ಎಂದು ನಾವೆಲ್ಲ ಹೇಳಿದೆವು. ಅದು ಸುಳ್ಳು ಎಂದು ನನಗೆ ತಿಳಿಯಲು ಇನ್ನೂ ಒಂದಿಷ್ಟು ಓದಬೇಕಾಯಿತು.

ನಾಯಿಯ ಬಾಯಿ ಬಹಳ ಕರಾರುವಾಕ್ಕಾದ ಯಂತ್ರ. ಬೆಳೆದ ನಾಯಿಗೆ 42 ಹಲ್ಲು, ನಮಗಿಂತ ಹತ್ತು ಹೆಚ್ಚು. ಮುಂದಿನ ನಾಲ್ಕು ಕೋರೆಗಳು ಹಿಡಿಯುವುದಕ್ಕೆ, ದವಡೆಯ ಹಿಂಭಾಗದ ಕತ್ತರಿ ಹಲ್ಲುಗಳು ಕೊಯ್ಯುವುದಕ್ಕೆ. ಗಾಳಿಯಲ್ಲಿ ಹಾರುವ ನೊಣವನ್ನು ಹಿಡಿಯಬಲ್ಲ ಈ ಬಾಯಿ ಮನುಷ್ಯನ ಕೈಯ ಪಕ್ಕ ಗಪ್ಪೆಂದು ಮುಚ್ಚಿ ಏನನ್ನೂ ತಾಕಿಸಲಿಲ್ಲ ಎಂದರೆ ಅದು ಗುರಿ ತಪ್ಪಿದ್ದಲ್ಲ, ಬೇಕೆಂದೇ ತಪ್ಪಿಸಿದ್ದು. ಪಶುವೈದ್ಯ ಇಯಾನ್ ಡನ್‌ಬಾರ್ ಕಡಿತಗಳನ್ನು ಆರು ಮೆಟ್ಟಿಲಾಗಿ ವಿಂಗಡಿಸಿದಾಗ ಈ ಗಾಳಿ ಕಡಿತಕ್ಕೇ ಮೊದಲ ಮೆಟ್ಟಿಲು ಕೊಟ್ಟರು. ಹಲ್ಲು ತಾಕಿ ಚರ್ಮ ತೂತಾಗದಿದ್ದರೆ ಎರಡು. ಕೋರೆಯ ಅರ್ಧ ಉದ್ದದೊಳಗೆ ತೂತಾದರೆ ಮೂರು. ಅದಕ್ಕಿಂತ ಆಳಕ್ಕಿಳಿದು, ಕಚ್ಚಿ ಹಿಡಿದು ಜಗ್ಗಿದರೆ ನಾಲ್ಕು. ಮುಂದಿನೆರಡು ಬೇಡ, ಬೆಳಗ್ಗೆ ಓದುವವರಿದ್ದಾರೆ. ಮೇಷ್ಟ್ರದು ಮೂರನೆಯದು. ಪಾಂಡು ಸಿಟ್ಟಿನಲ್ಲೂ ಲೆಕ್ಕ ಇಟ್ಟಿದ್ದ.

ಈ ಲೆಕ್ಕ ಹುಟ್ಟಿನಿಂದ ಬರುವುದಿಲ್ಲ. ಮರಿಗಳು ಒಂದರ ಕಿವಿ ಒಂದು ಕಚ್ಚಿ ಆಡುವಾಗ, ಜೋರಾದರೆ ಕಚ್ಚಿಸಿಕೊಂಡದ್ದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಎಷ್ಟು ಒತ್ತಿದರೆ ಆಟ ಕೆಡುತ್ತದೆ ಎಂಬ ಪಾಠ ಅಲ್ಲಿ, ಅಣ್ಣತಮ್ಮಂದಿರ ಕಿವಿಯಲ್ಲೇ ಆಗುವುದು. ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರಬಾರದು ಎಂದು 2017ರ ಕೇಂದ್ರದ ನಿಯಮ ಹೇಳುವುದರ ಹಿಂದೆ ಕರುಣೆ ಮಾತ್ರವಲ್ಲ, ಈ ಶಾಲೆಯ ಕಾಳಜಿಯೂ ಇದೆ. ತಿಂಗಳು ತುಂಬುವ ಮುಂಚೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ ಮರಿ ಆ ಪಾಠವನ್ನು ನಮ್ಮ ಮಕ್ಕಳ ಕೈಯ ಮೇಲೆ ಕಲಿಯಬೇಕಾಗುತ್ತದೆ. ಇನ್ನೊಂದು ಪಾಠವೂ ಅದೇ ಹೊತ್ತಿನದು. ಅಮೆರಿಕದ ಬಾರ್ ಹಾರ್ಬರಿನಲ್ಲಿ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ದೂರ ಓಡಿದವು. ಅಷ್ಟು ವಾರದೊಳಗೆ ಛತ್ರಿ, ಹೆಲ್ಮೆಟ್ಟು, ಗಡ್ಡ, ಪಂಚೆ, ಗ್ಯಾಸ್ ಸಿಲಿಂಡರಿನ ಸದ್ದು ಎಲ್ಲವನ್ನೂ ಹೆದರಿಕೆಯಿಲ್ಲದೆ ಕಂಡ ನಾಯಿಗೆ ಅವು ಲೋಕದ ಭಾಗ. ಕಾಣದ್ದಕ್ಕೆ ಅವೆಲ್ಲ ದಾಳಿ.

ಇನ್ನು ಗುರ್ರಿಗೆ ಬರೋಣ. ಕೆಂಡಲ್ ಶೆಫರ್ಡ್ ಎಂಬ ಬ್ರಿಟಿಷ್ ಪಶುವೈದ್ಯೆ ನಾಯಿಯ ಅಸಮಾಧಾನವನ್ನು ಒಂದು ಏಣಿಯಾಗಿ ಚಿತ್ರಿಸಿದ್ದಾರೆ. ಕೆಳಗಿನ ಮೆಟ್ಟಿಲುಗಳು ಕೋಪದಂತೆ ಕಾಣುವುದೇ ಇಲ್ಲ. ನಿದ್ದೆ ಬಾರದಿದ್ದರೂ ಆಕಳಿಕೆ. ತಿಂಡಿ ಇಲ್ಲದಿದ್ದರೂ ಮೂಗು ನೆಕ್ಕುವುದು. ಮುಖ ಆಚೆ ತಿರುಗಿಸುವುದು. ಎದ್ದು ದೂರ ಹೋಗುವುದು. ಕಿವಿ ಹಿಂದಕ್ಕೆ, ಬಾಲ ಕಾಲ ಸಂದಿಗೆ. ತಲೆ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇದ್ದು ಬಿಳಿಗುಡ್ಡೆ ಬಿದಿಗೆ ಚಂದ್ರನಂತೆ ಕಂಡರೆ ಅದೂ ಒಂದು ಸುಳಿವು. ಇಷ್ಟಕ್ಕೂ ಎದುರಿನವರು ಹಿಂದೆ ಸರಿಯದಿದ್ದರೆ ಮೈ ಮರಗಟ್ಟಿದಂತೆ ನಿಲ್ಲುತ್ತದೆ. ಆಮೇಲೆ ಗುರ್ರು, ಆಮೇಲೆ ಗಾಳಿ ಕಡಿತ. ಹಲ್ಲು ಏಣಿಯ ತುದಿಯಲ್ಲಿದೆ.

ಅಪ್ಪ ಗದರಿ ಬಿಡಿಸಿದ್ದು ಸಿಟ್ಟನ್ನಲ್ಲ, ಗುರ್ರನ್ನು. ಹೊಗೆ ಕಂಡರೆ ಕಿರುಚುವ ಅಲಾರಮ್ಮಿನ ತಂತಿ ಕಿತ್ತು, ಮನೆಯಲ್ಲಿ ಈಗ ಬೆಂಕಿ ಬೀಳುವುದಿಲ್ಲ ಎಂದು ನಿಶ್ಚಿಂತೆಯಿಂದ ಮಲಗಿದ ಹಾಗೆ. ಹೊಡೆದರೆ ಇನ್ನೂ ಕೆಡುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಗೆ ಹೊಡೆದ ಅಥವಾ ಒದ್ದ ಮಾಲೀಕರ ಪೈಕಿ ಶೇ. 43 ಮಂದಿ ನಾಯಿ ತಿರುಗಿಬಿತ್ತು ಎಂದರು. ಕಣ್ಣಲ್ಲಿ ಕಣ್ಣಿಟ್ಟು ಹೆದರಿಸಲು ನೋಡಿದವರಲ್ಲಿ ಶೇ. 30. "ಬೊಗಳುವ ನಾಯಿ ಕಚ್ಚುವುದಿಲ್ಲ" ಎನ್ನುವ ಗಾದೆಯನ್ನು ನಂಬಿ ಕೈ ಚಾಚಬೇಡಿ, ಬೊಗಳುವುದೂ ಕಚ್ಚುತ್ತದೆ. ಆದರೆ ಬೊಗಳುವುದನ್ನು ಬಿಡಿಸಿದ ನಾಯಿಗೆ ಹೇಳಲು ಉಳಿದ ಮಾತು ಹಲ್ಲೊಂದೇ.

ಬಾಲದ ವಿಷಯದಲ್ಲೂ ಮೋಸ ಹೋಗುತ್ತೇವೆ. ಅಲ್ಲಾಡಿಸಿತು, ಖುಷಿಯಾಗಿದೆ ಎಂದುಕೊಳ್ಳುತ್ತೇವೆ. ಇಟಲಿಯ ಬಾರಿ ವಿಶ್ವವಿದ್ಯಾಲಯದವರು 2007ರಲ್ಲಿ ಮೂವತ್ತು ನಾಯಿಗಳ ಬಾಲವನ್ನು ವಿಡಿಯೊದಲ್ಲಿ ಅಳೆದರು. ಯಜಮಾನನನ್ನು ಕಂಡಾಗ ಬಾಲ ತುಸು ಬಲಕ್ಕೆ ವಾಲಿ ಅಲ್ಲಾಡಿತು. ಗತ್ತಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ನಾಯಿ ಬಾಲ ಡೊಂಕು ಎಂದು ಇಷ್ಟು ಕಾಲ ಆಡಿಕೊಂಡ ನಾವು ಅದು ಯಾವ ಕಡೆ ಡೊಂಕು ಎಂದು ನೋಡಿರಲೇ ಇಲ್ಲ.

ಗೇಟಿನ ಹತ್ತಿರ ಇನ್ನೊಂದು ಗಣಿತ ನಡೆಯುತ್ತಿರುತ್ತದೆ. ಡೆಲಿವರಿ ಹುಡುಗ ಬರುತ್ತಾನೆ, ನಾಯಿ ಬೊಗಳುತ್ತದೆ, ಅವನು ಪೊಟ್ಟಣ ಕೊಟ್ಟು ಹೋಗುತ್ತಾನೆ. ಅವನು ಹೋಗುವುದು ಮುಂದಿನ ಆರ್ಡರಿಗೆ. ನಾಯಿಯ ಲೆಕ್ಕದಲ್ಲಿ ಮಾತ್ರ "ನಾನು ಬೊಗಳಿದೆ, ಓಡಿಸಿದೆ." ದಿನಕ್ಕೆ ಐದಾರು ಸಲ ಈ ಗೆಲುವು ಸಿಕ್ಕಿದರೆ ಯಾರಿಗೆ ತಾನೇ ಹುಮ್ಮಸ್ಸು ಬರುವುದಿಲ್ಲ?

ಜಾತಿಯ ಮೇಲೆ ತಪ್ಪು ಹೊರಿಸುವುದು ಸುಲಭ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ, ಅವುಗಳ ಸಾಕಣೆಗೂ ಮಾರಾಟಕ್ಕೂ ತಡೆ ಹಾಕುವಂತೆ ಸುತ್ತೋಲೆ ಕಳಿಸಿತು. ಬೆಂಗಳೂರಿನವರು ಕರ್ನಾಟಕ ಹೈಕೋರ್ಟಿಗೆ ಹೋದರು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಏಪ್ರಿಲ್ 10ರಂದು ಕೋರ್ಟು ಅದನ್ನು ರದ್ದು ಮಾಡಿತು. ವಿಜ್ಞಾನವೂ ಪಟ್ಟಿಯ ಪರ ನಿಲ್ಲುವುದಿಲ್ಲ: 'ಸೈನ್ಸ್' ಪತ್ರಿಕೆಯಲ್ಲಿ 2022ರಲ್ಲಿ ಬಂದ, ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಅಧ್ಯಯನದ ಪ್ರಕಾರ ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ. ಹಾಗೆಂದು ರಾಟ್‌ವೈಲರೂ ಪಾಂಡುವೂ ಒಂದೇ ಎಂದು ನಾನು ಹೇಳಲಾರೆ. ಇಬ್ಬರಿಗೂ ಸಿಟ್ಟು ಅಷ್ಟೇ ಬರಬಹುದು, ದವಡೆ ಅಷ್ಟೇ ಇರುವುದಿಲ್ಲ. ದೊಡ್ಡ ನಾಯಿ ಸಾಕಿದವರ ಹೊಣೆಯೂ ದೊಡ್ಡದು.

ಮೇಷ್ಟ್ರ ಕೈಗೆ ಹಿಂತಿರುಗುತ್ತೇನೆ. ಪಕ್ಕದ ಮನೆಯಾಕೆ ಅರಿಶಿನ ತಂದರು, ಇನ್ನೊಬ್ಬರು ಕಾಫಿಪುಡಿ. ಪುಣ್ಯಕ್ಕೆ ಅಮ್ಮ ಇಬ್ಬರನ್ನೂ ತಡೆದು ಮೇಷ್ಟ್ರನ್ನು ಅಂಗಳದ ನಲ್ಲಿಯ ಕೆಳಗೆ ಕೂರಿಸಿ, ಬಟ್ಟೆ ಸೋಪು ಹಚ್ಚಿ, ಗಡಿಯಾರ ನೋಡಿ ಕಾಲು ಗಂಟೆ ತೊಳೆದಳು. ರೇಬೀಸ್ ವೈರಸ್ಸಿನ ಮೈಮೇಲೆ ಕೊಬ್ಬಿನ ಪೊರೆ ಇದೆ. ಜಿಡ್ಡಿನ ಪಾತ್ರೆಗೆ ಸೋಪು ಏನು ಮಾಡುತ್ತದೋ ಆ ಪೊರೆಗೂ ಅದನ್ನೇ ಮಾಡುತ್ತದೆ. ಪೊರೆ ಹರಿದ ವೈರಸ್ ಕೆಲಸಕ್ಕೆ ಬಾರದು. ಹಾಗೆಯೇ ಉಳಿದದ್ದು ನರ ಹಿಡಿದು ನಿಧಾನವಾಗಿ ಮಿದುಳಿನತ್ತ ನಡೆಯುತ್ತದೆ, ಆ ನಡಿಗೆ ಮುಗಿಯುವ ಮುಂಚೆ ಲಸಿಕೆ ಕೆಲಸ ಶುರು ಮಾಡಬೇಕು. ರೋಗಲಕ್ಷಣ ಕಂಡಮೇಲೆ ಮದ್ದಿಲ್ಲ. ಕಡಿತದ ತೂತನ್ನು ಸಾಮಾನ್ಯವಾಗಿ ಹೊಲಿಯುವುದೂ ಇಲ್ಲ; ಹೊರಗೆ ಮುಚ್ಚಿದರೆ ಒಳಗೆ ಕೀವು.

"ನಿಮ್ಮ ನಾಯಿಗೆ ಇಂಜೆಕ್ಷನ್ ಹಾಕಿಸಿದೆ ತಾನೇ, ನನಗ್ಯಾಕೆ?" ಎಂದರು ಮೇಷ್ಟ್ರು. ಸೂಜಿಯ ಬಗ್ಗೆ ಅವರ ಹೆದರಿಕೆ ಹಳೆಯ ಕಾಲದ್ದು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ತಯಾರಿಸಿದ, ಕುರಿಯ ಮಿದುಳಿನಲ್ಲಿ ಬೆಳೆಸುತ್ತಿದ್ದ ಲಸಿಕೆಯನ್ನು ಹೊಟ್ಟೆಯ ಮೇಲೆ ಹದಿನಾಲ್ಕು ದಿನದವರೆಗೂ ಚುಚ್ಚುತ್ತಿದ್ದ ಕಾಲ. ದೇಶದಲ್ಲಿ ಅದು ನಿಂತದ್ದು 2004ರ ಕೊನೆಗೆ. ಈಗ ತೋಳಿಗೆ: ಮೊದಲ ದಿನ, ನಂತರ 3, 7, 14, 28ನೆಯ ದಿನ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 14ನೆಯ ದಿನದ ಸರದಿ ಇಲ್ಲ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡುತ್ತಾರೆ, ಏಕೆಂದರೆ ಜೊಲ್ಲಿನಲ್ಲಿ ವೈರಸ್ ಬಂದಿದ್ದರೆ ನಾಯಿ ಅಷ್ಟರಲ್ಲಿ ಕಾಯಿಲೆ ಬಿದ್ದಿರುತ್ತದೆ. ಆದರೆ ಹತ್ತು ದಿನ ಕಾದು ಆಮೇಲೆ ಚುಚ್ಚಿಸುವುದಲ್ಲ. ಮೊದಲು ಶುರು, ನಾಯಿ ಗಟ್ಟಿಯಾಗಿದ್ದರೆ ಉಳಿದದ್ದನ್ನು ವೈದ್ಯರು ಬದಲಿಸಿಕೊಳ್ಳುತ್ತಾರೆ.

ರೇಬೀಸಿನ ಭಯಕ್ಕೆ ಅಂಕಿ ಕೊಟ್ಟವರು ನಮ್ಮ ನೆರೆಯವರೇ. ವಿ.ವಿ. ಪುರದಲ್ಲಿ ಆಸ್ಪತ್ರೆ ಇರುವ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ.ಕೆ. ಸುದರ್ಶನ್ ಮತ್ತು ಸಂಗಡಿಗರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ 2003ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿ, ವರ್ಷಕ್ಕೆ 20,565 ಜನ ರೇಬೀಸಿನಿಂದ ಸಾಯುತ್ತಿದ್ದಾರೆ ಎಂದು ಅಂದಾಜಿಸಿದರು. ಐಸಿಎಂಆರ್‌ನ ಇತ್ತೀಚಿನ ಅಂದಾಜು 5,726ಕ್ಕೆ ಇಳಿದಿದೆ. 2003ರ ಸಮೀಕ್ಷೆಯಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ: ನಾಯಿ ಕಡಿತಗಳಲ್ಲಿ ಸುಮಾರು ಶೇ. 40 ಸಾಕಿದ ನಾಯಿಗಳವು. ಬೀದಿನಾಯಿಯ ಬಗ್ಗೆ ಪಾರ್ಕಿನ ಬೆಂಚುಗಳಲ್ಲಿ ಕೂತು ಮಾತಾಡುವ ನಮ್ಮಲ್ಲಿ ಕೆಲವರ ಮನೆಯ ಗೇಟಿನ ಒಳಗೇ ಉತ್ತರ ಮಲಗಿರುತ್ತದೆ.

ಪಾಂಡುವನ್ನು ಪಶುವೈದ್ಯರ ಬಳಿ ಒಯ್ದಾಗ ಅವರು ಮೊದಲು ಮಾಡಿದ್ದು ಸೊಂಟ ಒತ್ತಿ ನೋಡಿದ್ದು. ಪಾಂಡು ಮೂಗು ನೆಕ್ಕಿ ಮುಖ ತಿರುಗಿಸಿದ. "ನೋವಿದೆ" ಎಂದರು. ಹಿಂಗಾಲ ಕೀಲು ಸವೆದಿತ್ತು. ವಯಸ್ಸಾದ ನಾಯಿಗೆ ಹೊಸದಾಗಿ ಸಿಡುಕು ಬಂದರೆ ಮೊದಲು ನೋವು ಹುಡುಕಬೇಕಂತೆ. ಸೊಂಟ ಹಿಡಿದುಕೊಂಡಿದ್ದಾಗ ಅಪ್ಪ ಎಷ್ಟು ಸಿಡುಕುತ್ತಿದ್ದರು ಎಂದು ಅಮ್ಮ ಅಲ್ಲೇ ನೆನಪಿಸಿದಳು.

ನೋವಿಗೆ ಮಾತ್ರೆ ಬಂತು. ಆದರೆ ಒಮ್ಮೆ ಕಚ್ಚಿದ ನಾಯಿ ಇನ್ನೊಮ್ಮೆ ಕಚ್ಚಲಾರದು ಎಂದು ಯಾವ ಪಶುವೈದ್ಯರೂ ಬರೆದು ಕೊಡುವುದಿಲ್ಲ. ಕಾನೂನೂ ಹಾಗೇ ನೋಡುತ್ತದೆ: ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ನಾವು ಮಾಡಿದ್ದು ಬಡಗಿ ಕೆಲಸವೇ ಹೆಚ್ಚು. ಗೇಟಿನ ಸರಳುಗಳಿಗೆ ಕೆಳಗಿನಿಂದ ಎದೆಮಟ್ಟಕ್ಕೆ ಜಾಲರಿ. ವರಾಂಡಕ್ಕೆ ಸೊಂಟದೆತ್ತರದ ಇನ್ನೊಂದು ಬಾಗಿಲು, ಒಂದು ತೆರೆದಿದ್ದಾಗ ಇನ್ನೊಂದು ಮುಚ್ಚಿರಬೇಕೆಂಬ ಕಟ್ಟಳೆ. ಬೆಲ್ ಆದರೆ ಪಾಂಡು ಮೊದಲು ಒಳಕೋಣೆಗೆ, ಆಮೇಲೆ ಚಿಲಕ. ಮೊಮ್ಮಕ್ಕಳು ಬಂದರೆ ದೊಡ್ಡವರೊಬ್ಬರು ಜೊತೆಗೆ ಇರಲೇಬೇಕು, "ಅದು ಮಕ್ಕಳಿಗೆ ಏನೂ ಮಾಡಲ್ಲ" ಎನ್ನುವ ಮಾತು ನಮ್ಮ ಮನೆಯಲ್ಲಿ ನಿಷಿದ್ಧ. ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯ ಕಡೆಗೆ ವಾಕಿಂಗ್ ಇಲ್ಲ.

ಹೊರಗೆ ಹೊರಟರೆ ಕುಕ್ಕೆ. ಅಂಗಡಿಯವರು ಮಜಲ್ ಎನ್ನುತ್ತಾರೆ, ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವುದನ್ನು ಕಂಡು ಬೆಳೆದ ಅಜ್ಜಿಗೆ ಅದು ಕುಕ್ಕೆಯೇ. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆಯದು ಬೇಡ. ನಾಯಿಗೆ ಬೆವರುವುದು ಅಂಗಾಲಲ್ಲಿ ಮಾತ್ರ, ಮೈ ತಣಿಸಿಕೊಳ್ಳಲು ಬಾಯಿ ತೆರೆದು ಏದಬೇಕು. ಬುಟ್ಟಿಯಂಥದ್ದಾದರೆ ಏದಬಹುದು, ನೀರೂ ಕುಡಿಯಬಹುದು. ಮೊದಲ ದಿನ ಕುಕ್ಕೆಯ ತಳಕ್ಕೆ ಮೊಸರು ಸವರಿ ಹಿಡಿದುಕೊಂಡೆ, ಅಷ್ಟೇ. ಪಾಂಡು ಮೂತಿ ತೂರಿಸಿ ನೆಕ್ಕಿ ತಾನೇ ಹೊರಗೆಳೆದುಕೊಂಡ. ಪಟ್ಟಿ ಬಿಗಿಯಲು ಮೂರು ವಾರ ತೆಗೆದುಕೊಂಡೆವು. ಈಗ ಕುಕ್ಕೆ ಗೂಟದಿಂದ ತೆಗೆದ ಸದ್ದಿಗೇ ಬಂದು ನಿಲ್ಲುತ್ತಾನೆ.

ಮೇಷ್ಟ್ರು ಈಗಲೂ ಬರುತ್ತಾರೆ. ಕೋಲಿಲ್ಲ. ಅಮ್ಮ ಹಿಂದಿನ ರಾತ್ರಿಯೇ ಮೊಗ್ಗು ಬಿಡಿಸಿ ಬಾಳೆ ಎಲೆಯಲ್ಲಿ ಸುತ್ತಿ ಗೋಡೆಯ ಮೇಲಿಟ್ಟಿರುತ್ತಾಳೆ. ಅವರ ಚಪ್ಪಲಿಯ ಸದ್ದಾದೊಡನೆ ವರಾಂಡದ ಬಾಗಿಲ ಹಿಂದಿನಿಂದ ಗುರ್ರ್ ಎಂದು ಸಣ್ಣಗೆ ಶುರುವಾಗುತ್ತದೆ.

"ಆಯ್ತಪ್ಪ, ಕೇಳಿಸ್ತು" ಎನ್ನುತ್ತಾಳೆ ಅಮ್ಮ.