ಕರೆಯದೆ ಬರುವ ಕರೆಗಳು

ಚುನಾವಣೆ ಘೋಷಣೆಯಾಯಿತೆಂದರೆ ವಿಜಯನಗರದ ಆರ್‌ಪಿಸಿ ಲೇಔಟಿನ ಬೀದಿಗಳಿಗೆ ಒಂದು ಕಾಲದಲ್ಲಿ ತಿಳಿಯುತ್ತಿದ್ದುದು ಆಟೋರಿಕ್ಷಾದ ಮೇಲೆ ಕಟ್ಟಿದ ಧ್ವನಿವರ್ಧಕದಿಂದ. ಗೋಡೆಗಳ ಮೇಲಿನ ಬರಹ, ತಂತಿಗಳಿಗೆ ಕಟ್ಟಿದ ತೋರಣ, ಗೇಟಿನ ಸಂದಿಯಲ್ಲಿ ತೂರಿಸಿದ ಕರಪತ್ರ ಇವೆಲ್ಲ ಅದರ ಹಿಂದೆಯೇ ಬರುತ್ತಿದ್ದವು. ಇಂದು ಬೀದಿ ಬಹುಮಟ್ಟಿಗೆ ಶಾಂತವಾಗಿದೆ. ಆದರೆ ಆ ಗದ್ದಲವು ಬೀದಿಯನ್ನು ಬಿಟ್ಟು ಅಂಗಿಯ ಜೇಬಿನೊಳಗೆ, ಅಡುಗೆಮನೆಯ ಕಟ್ಟೆಯ ಮೇಲೆ, ರೋಗಿಯ ದಿಂಬಿನ ಪಕ್ಕದಲ್ಲಿ ಬಂದು ಕುಳಿತಿದೆ. ಹಂಪಿನಗರದ ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುತ್ತಿರುವ ತರುಣನಿಗೂ, ಮಧ್ಯಾಹ್ನ ತುಸು ಕಣ್ಣುಮುಚ್ಚಿದ ನಿವೃತ್ತ ನೌಕರನಿಗೂ, ದೂರದ ಮಗಳ ಕರೆಗಾಗಿ ಕಾದಿರುವ ತಾಯಿಗೂ ಮೊಬೈಲ್ ಮೊಳಗುತ್ತದೆ. ಎತ್ತಿಕೊಂಡರೆ ಕೇಳಿಬರುವುದು ಎಂದೋ ಮುದ್ರಿಸಿಟ್ಟ ನಾಯಕರೊಬ್ಬರ ಕಂಠ.

ಈ ಪದ್ಧತಿ ತೀರಾ ಹೊಸದೇನಲ್ಲ. 2004ರ ಲೋಕಸಭಾ ಚುನಾವಣೆಯಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಧ್ವನಿಮುದ್ರಿತ ಸಂದೇಶವು ದೇಶದ ಅಸಂಖ್ಯಾತ ದೂರವಾಣಿಗಳಲ್ಲಿ ಕೇಳಿಬಂದಾಗ ಜನರು ಬೆರಗಾಗಿದ್ದರು. ಬೆರಗು ಬೇಗನೆ ಅಭ್ಯಾಸವಾಯಿತು, ಅಭ್ಯಾಸವು ಬೇಸರವಾಯಿತು. 2023ರ ಮೇ 10ರ ವಿಧಾನಸಭಾ ಚುನಾವಣೆಯಾಗಲಿ, 2024ರ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ನಡೆದ ಲೋಕಸಭಾ ಮತದಾನವಾಗಲಿ, ಈಗ ಯಾವ ಪಕ್ಷವೂ ಈ ಸಾಧನವನ್ನು ದೂರವಿಡುವುದಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿಯೇ ಮುಗಿದು, 2025ರ ಸೆಪ್ಟೆಂಬರಿನಲ್ಲಿ ನಗರವು ಐದು ನಗರಪಾಲಿಕೆಗಳಾಗಿ ವಿಂಗಡಣೆಗೊಂಡ ಮೇಲಂತೂ, ವಾರ್ಡಿನ ಆಕಾಂಕ್ಷಿಗಳ ಹಬ್ಬದ ಶುಭಾಶಯಗಳಿಗೂ ಮತಯಾಚನೆಗೂ ನಡುವಣ ಗೆರೆ ಅಳಿಸಿಹೋಗಿದೆ.

ಸಂಖ್ಯೆ ಸಿಕ್ಕಿದ್ದೆಲ್ಲಿಂದ?

‘ನನ್ನ ನಂಬರು ಇವರಿಗೆ ಹೇಗೆ ಸಿಕ್ಕಿತು?’ ಎಂಬುದು ಪ್ರತಿಯೊಬ್ಬರ ಮೊದಲ ಪ್ರಶ್ನೆ. ಪ್ರಕಟವಾಗುವ ಮತದಾರರ ಪಟ್ಟಿಯಲ್ಲಿ ಹೆಸರು, ತಂದೆ ಅಥವಾ ಪತಿಯ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಇರುತ್ತವೆಯೇ ಹೊರತು ದೂರವಾಣಿ ಸಂಖ್ಯೆ ಇರುವುದಿಲ್ಲ. ಹಾಗಾದರೆ ಅದು ಬೇರೆಡೆಯಿಂದ ಬಂದಿರಲೇಬೇಕು. ಅಂಗಡಿಯ ಬಿಲ್ಲಿಗಾಗಿ ಹೇಳಿದ ಸಂಖ್ಯೆ, ಬಡಾವಣೆಯ ಸಂಘದ ಸದಸ್ಯತ್ವ ಪುಸ್ತಕ, ಉಚಿತ ತಪಾಸಣಾ ಶಿಬಿರದ ನೋಂದಣಿ, ‘ಮಿಸ್ಡ್ ಕಾಲ್ ಕೊಡಿ’ ಎಂಬ ಆಹ್ವಾನ, ಸಮೀಕ್ಷೆಯ ಹೆಸರಿನಲ್ಲಿ ಬಾಗಿಲಿಗೆ ಬಂದ ಯುವಕರ ಕೈಯ ಯಂತ್ರ, ಇವೆಲ್ಲವೂ ಸಣ್ಣ ಸಣ್ಣ ತೊರೆಗಳು. ತೊರೆಗಳು ಕೂಡಿದರೆ ನದಿಯಾಗುತ್ತದೆ.

ಈ ಮಾತು ಕೇವಲ ಊಹೆಯಲ್ಲವೆಂಬುದಕ್ಕೆ ನಮ್ಮ ನಗರದ್ದೇ ನಿದರ್ಶನವಿದೆ. 2022ರ ನವೆಂಬರಿನಲ್ಲಿ ‘ಚಿಲುಮೆ’ ಎಂಬ ಸಂಸ್ಥೆಯ ಪ್ರಕರಣ ಬೆಳಕಿಗೆ ಬಂದಿತು. ಮತದಾರರಲ್ಲಿ ಜಾಗೃತಿ ಮೂಡಿಸಲೆಂದು ಪಾಲಿಕೆಯಿಂದ ಅನುಮತಿ ಪಡೆದಿದ್ದ ಆ ಸಂಸ್ಥೆಯ ಕಾರ್ಯಕರ್ತರು ಮತಗಟ್ಟೆ ಅಧಿಕಾರಿಗಳ ಸೋಗಿನಲ್ಲಿ ಮನೆಮನೆಗೆ ಹೋಗಿ ಮತದಾರರ ಸ್ವಂತ ವಿವರಗಳನ್ನು ಸಂಗ್ರಹಿಸಿದರೆಂಬುದು ಆರೋಪ. ಪಾಲಿಕೆ ಅನುಮತಿಯನ್ನು ಹಿಂತೆಗೆದುಕೊಂಡಿತು, ಬಂಧನಗಳಾದವು, ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಆದೇಶಿಸಿ, ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯ ಮರುಪರಿಶೀಲನೆ ನಡೆಸಬೇಕೆಂದಿತು. ಕುತ್ತಿಗೆಯಲ್ಲಿ ತೂಗುವ ಗುರುತಿನ ಚೀಟಿಯನ್ನು ಕಂಡೊಡನೆ ಎಲ್ಲವನ್ನೂ ಹೇಳಿಬಿಡುವ ನಮ್ಮ ಸರಳತೆಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೆ?

ಕಾನೂನಿನ ಬೇಲಿಯ ಕಂಡಿ

ವಾಣಿಜ್ಯ ಕರೆಗಳ ಕಾಟ ತಪ್ಪಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2010ರಲ್ಲಿ ನಿಯಮಾವಳಿಯನ್ನು ರಚಿಸಿ, 2018ರಲ್ಲಿ ಅದನ್ನು ಹೊಸದಾಗಿ ರೂಪಿಸಿತು. 1909 ಸಂಖ್ಯೆಗೆ ‘ಸ್ಟಾರ್ಟ್ 0’ ಎಂಬ ಸಂದೇಶ ಕಳುಹಿಸಿದರೆ ಪ್ರಚಾರದ ಕರೆಗಳನ್ನೆಲ್ಲ ನಿರಾಕರಿಸಿದಂತಾಗುತ್ತದೆ. ನಿರಾಕರಿಸಬಹುದಾದ ವಿಭಾಗಗಳಲ್ಲಿ ಬ್ಯಾಂಕು ಮತ್ತು ವಿಮೆ, ನಿವೇಶನ, ಶಿಕ್ಷಣ, ಆರೋಗ್ಯ, ಗ್ರಾಹಕ ವಸ್ತುಗಳು, ಪ್ರವಾಸ, ಆಹಾರ ಮೊದಲಾದವು ಇವೆ. ರಾಜಕೀಯವೆಂಬ ವಿಭಾಗ ಮಾತ್ರ ಇಲ್ಲ. ಏಕೆಂದರೆ ಆ ನಿಯಮಗಳು ತಡೆಯಹೊರಟದ್ದು ಸರಕು ಮತ್ತು ಸೇವೆಗಳ ಮಾರಾಟವನ್ನು, ಮತಯಾಚನೆ ಮಾರಾಟವಲ್ಲವಷ್ಟೆ. 2023ರ ದೂರಸಂಪರ್ಕ ಕಾಯಿದೆಯೂ ಸರಕು, ಸೇವೆ, ಆಸ್ತಿ, ಉದ್ಯೋಗ, ಹೂಡಿಕೆಗಳ ಜಾಹೀರಾತನ್ನೇ ಕುರಿತು ಮಾತನಾಡುತ್ತದೆ. ಸಾಲ ಕೊಡುವೆವೆನ್ನುವ ಕರೆಯನ್ನು ತಡೆಯುವ ಬೇಲಿಯು ಮತ ಕೊಡಿರೆನ್ನುವ ಕರೆಗೆ ದಾರಿ ಬಿಡುವುದು ಹೀಗೆ.

ಚುನಾವಣಾ ಆಯೋಗವು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಸಾಮೂಹಿಕ ಕಿರುಸಂದೇಶ ಹಾಗೂ ಧ್ವನಿಸಂದೇಶಗಳಲ್ಲಿನ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ಅದರ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕು. ಮತದಾನ ಮುಗಿಯುವ ಮುಂಚಿನ 48 ಗಂಟೆಗಳಲ್ಲಿ ಪ್ರಚಾರ ನಿಲ್ಲಬೇಕು. 2024ರ ಮಾರ್ಚ್ 16ರಂದು ನೀತಿಸಂಹಿತೆ ಜಾರಿಯಾದ ಮೇಲೂ ‘ವಿಕಸಿತ ಭಾರತ’ದ ವಾಟ್ಸ್‌ಆ್ಯಪ್ ಸಂದೇಶಗಳು ಜನರನ್ನು ತಲಪುತ್ತಿದ್ದಾಗ, ಅವನ್ನು ನಿಲ್ಲಿಸುವಂತೆ ಆಯೋಗವು ಮಾರ್ಚ್ 21ರಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಸೂಚಿಸಿತು. ಸಂದೇಶಗಳು ಮೊದಲೇ ಹೊರಟಿದ್ದವು, ಜಾಲದ ಅಡಚಣೆಯಿಂದ ಕೆಲವು ತಡವಾಗಿ ತಲಪಿರಬಹುದೆಂದು ಸಚಿವಾಲಯ ಉತ್ತರಿಸಿತು. ಅದೇ ವರ್ಷದ ಮೇ 2ರಂದು, ಸಮೀಕ್ಷೆಯ ನೆಪದಲ್ಲಿ ಚುನಾವಣೋತ್ತರ ಯೋಜನೆಗಳಿಗೆ ಮತದಾರರ ಹೆಸರು ನೋಂದಾಯಿಸಿಕೊಳ್ಳುವುದನ್ನು ಕೂಡಲೆ ನಿಲ್ಲಿಸಬೇಕೆಂದು ಆಯೋಗ ಎಲ್ಲ ಪಕ್ಷಗಳಿಗೆ ತಿಳಿಸಿತು.

ಇಲ್ಲಿ ಒಂದು ಸಂಗತಿ ಗಮನಾರ್ಹ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 127ಎ ವಿಧಿಯಂತೆ ಚುನಾವಣಾ ಕರಪತ್ರದಲ್ಲಿ ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳಿರಲೇಬೇಕು. ಎರಡು ಪೈಸೆ ಬಾಳದ ಕಾಗದಕ್ಕೂ ಜವಾಬ್ದಾರನೊಬ್ಬನಿರುತ್ತಾನೆ. ಆದರೆ ಅಪರಿಚಿತ ಹತ್ತಂಕಿಯ ಸಂಖ್ಯೆಯಿಂದ ಬಂದು ಅರ್ಧ ನಿಮಿಷದಲ್ಲಿ ಮಾಯವಾಗುವ ಧ್ವನಿಯ ಹಿಂದೆ ಯಾರಿದ್ದಾರೆಂದು ಸಾಮಾನ್ಯನು ಅರಿಯುವುದೆಂತು? ಕೃತಕ ಬುದ್ಧಿಮತ್ತೆಯು ಯಾರ ಕಂಠವನ್ನಾದರೂ ಅನುಕರಿಸಬಲ್ಲ ಈ ಕಾಲದಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರ. 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ಅಧ್ಯಕ್ಷ ಬೈಡನ್ ಅವರ ನಕಲಿ ಧ್ವನಿಯು ಮತದಾರರಿಗೆ ಮತ ಹಾಕದಿರಲು ಹೇಳಿತು. ಮರುತಿಂಗಳೇ ಅಲ್ಲಿನ ಸಂಪರ್ಕ ಆಯೋಗ ಇಂತಹ ಕರೆಗಳು ಕಾನೂನುಬಾಹಿರವೆಂದು ಸಾರಿತು. ಬ್ರಿಟನ್ನಿನಲ್ಲಾದರೋ ಪಕ್ಷಗಳ ಧ್ವನಿಮುದ್ರಿತ ಕರೆಗೂ ಮುಂಗಡ ಒಪ್ಪಿಗೆ ಬೇಕು. 2005ರ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಕ್ಷವು ಖ್ಯಾತ ನಟ ಶಾನ್ ಕಾನರಿಯ ಧ್ವನಿಯಲ್ಲಿ ಮಾಡಿದ ಕರೆಗಳು ಈ ನಿಯಮಕ್ಕೆ ವಿರುದ್ಧವೆಂದು ಮರುವರ್ಷ ಅಲ್ಲಿನ ನ್ಯಾಯಮಂಡಳಿ ತೀರ್ಮಾನಿಸಿತು.

ನಮ್ಮಲ್ಲಿ ಆಧಾರವಿಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಹೂಡಿದ ಮೊಕದ್ದಮೆಯಿಂದಲೇ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಒಂದು ಉದ್ದೇಶಕ್ಕೆ ಒಪ್ಪಿಗೆಯಿಂದ ಕೊಟ್ಟ ವಿವರವನ್ನು ಇನ್ನೊಂದಕ್ಕೆ ಬಳಸಲಾಗದೆಂಬುದು ಅದರ ತಿರುಳು. ರಾಜಕೀಯ ಪಕ್ಷಗಳಿಗೆಂದೇ ಅದರಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳು ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಿನಿಂದ ಜಾರಿಗೆ ಬರಬೇಕೆಂದು ಅವುಗಳಲ್ಲಿ ಗೊತ್ತುಪಡಿಸಲಾಗಿದೆ.

ನಾವೇನು ಮಾಡಬಹುದು?

ಮೊದಲನೆಯದಾಗಿ, ಧ್ವನಿಮುದ್ರಿತ ಕರೆಯೆಂದು ತಿಳಿದೊಡನೆ ಸುಮ್ಮನೆ ಇಟ್ಟುಬಿಡುವುದು. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂಬ ಮಾತಿಗೆ ಓಗೊಟ್ಟರೆ ಈ ಸಂಖ್ಯೆಯ ಹಿಂದೆ ಜೀವಂತ ಮನುಷ್ಯನಿದ್ದಾನೆಂದು ನಾವೇ ಸಾಕ್ಷಿ ನುಡಿದಂತಾಗುತ್ತದೆ. ಬೇಡದ ಸಂಖ್ಯೆಯನ್ನು ಮೊಬೈಲಿನಲ್ಲಿಯೇ ತಡೆಹಿಡಿಯಬಹುದು. ಸಂದೇಶದೊಳಗಿನ ಕೊಂಡಿಯನ್ನು ತೆರೆಯಬಾರದು. ಸಮೀಕ್ಷೆಯೆಂದು ಕರೆದವರು ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ ಅಥವಾ ಒಟಿಪಿ ಕೇಳಿದರೆ ಅದು ರಾಜಕೀಯವಲ್ಲ, ವಂಚನೆಯ ಬಲೆಯೆಂದೇ ಬಗೆಯಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಎರಡನೆಯದಾಗಿ, ದಿನಾಂಕ, ವೇಳೆ, ಸಂಖ್ಯೆಗಳನ್ನು ಗುರುತಿಟ್ಟುಕೊಳ್ಳುವುದು. ಪ್ರಚಾರ ಮುಗಿದ ಮೇಲೂ ಸಂದೇಶ ಬಂದರೆ, ಜಾತಿ ಮತಗಳ ಹೆಸರಿನಲ್ಲಿ ದ್ವೇಷ ಬಿತ್ತಿದರೆ, ಆಮಿಷವೊಡ್ಡಿದರೆ, ಚುನಾವಣಾ ಸಹಾಯವಾಣಿ 1950ಕ್ಕೆ ತಿಳಿಸಬಹುದು. ಮನೆಗೆ ಬರುವ ಕಾರ್ಯಕರ್ತನಿಗೂ ‘ನಮ್ಮ ಸಂಖ್ಯೆಯನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ’ ಎಂದು ಸೌಜನ್ಯದಿಂದಲೇ, ಆದರೆ ಸ್ಪಷ್ಟವಾಗಿ ಹೇಳಬೇಕು. ಒಬ್ಬರು ಹೇಳಿದರೆ ಗೊಣಗಾಟವೆನಿಸಬಹುದು. ಒಂದು ಬೀದಿಯೇ ಹೇಳಿದರೆ ಅಭ್ಯರ್ಥಿ ಕೇಳಲೇಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ಅದು ನಮ್ಮ ಕೈಯಲ್ಲಿಯೇ ಇದೆ. ಧರ್ಮಕೇಂದ್ರದ ಕುಟುಂಬ ಪಟ್ಟಿ, ಮಹಿಳಾ ಸಂಘದ ಹಾಜರಿ ಪುಸ್ತಕ, ಶಾಲೆಯ ಪೋಷಕರ ವಿಳಾಸಗಳು, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪು, ಇವುಗಳನ್ನು ನೋಡಿಕೊಳ್ಳುವವರು ನಮ್ಮವರೇ. ಪರಿಚಯದ ಅಭ್ಯರ್ಥಿಯೊಬ್ಬರು ‘ಒಂದು ಪ್ರತಿ ಕೊಡಿ, ನಿಮ್ಮ ಸಮುದಾಯಕ್ಕೆ ಅನುಕೂಲವಾಗುತ್ತದೆ’ ಎಂದಾಗ ದಾಕ್ಷಿಣ್ಯಕ್ಕೆ ಬಿದ್ದು ಕೊಟ್ಟುಬಿಡುವುದುಂಟು. ಜ್ಞಾನಸ್ನಾನಕ್ಕೋ ಅಂತ್ಯಕ್ರಿಯೆಗೋ ನೆರವಾಗಲೆಂದು ಕುಟುಂಬವು ನಂಬಿ ಕೊಟ್ಟ ಸಂಖ್ಯೆ ಅದು. ಅಲ್ಪಸಂಖ್ಯಾತ ಸಮುದಾಯವೊಂದರ ಮನೆಮನೆಯ ವಿವರವು ಯಾರ ಯಾರ ಕೈ ಸೇರೀತೆಂಬುದನ್ನು ಕೊಟ್ಟವರು ಬಲ್ಲರೇ? ಇನ್ನೊಬ್ಬರ ಸಂಖ್ಯೆಯು ನಮ್ಮ ಸ್ವತ್ತಲ್ಲ, ನಮ್ಮಲ್ಲಿಟ್ಟ ನ್ಯಾಸ. ನ್ಯಾಸವನ್ನು ಉಡುಗೊರೆಯಾಗಿ ಕೊಡಲು ಯಾರಿಗೂ ಅಧಿಕಾರವಿಲ್ಲ.

ಅಭ್ಯರ್ಥಿಯು ಮತದಾರನನ್ನು ತಲಪಬಾರದೆಂದು ಯಾರೂ ಹೇಳುವುದಿಲ್ಲ. ತಲಪದಿದ್ದರೆ ಪ್ರಜಾಪ್ರಭುತ್ವವೇ ಇಲ್ಲ. ಆದರೆ ಕೈಮುಗಿದು ಗೇಟಿನ ಬಳಿ ನಿಂತವನನ್ನು ನಾವು ಪ್ರಶ್ನಿಸಬಹುದು: ಕುಡಿಯುವ ನೀರೇಕೆ ಬರುತ್ತಿಲ್ಲ, ಚರಂಡಿಯೇಕೆ ಕಟ್ಟಿಕೊಂಡಿದೆ, ಕಳೆದ ಬಾರಿಯ ಭರವಸೆ ಏನಾಯಿತು ಎಂದು. ಮುದ್ರಿತ ಧ್ವನಿಗೆ ಕಿವಿಯಿಲ್ಲ. ಮತ ಕೇಳಲು ಬರುವವರು ನಮ್ಮ ಮಾತನ್ನೂ ಕೇಳುವಂತಾಗಲಿ. ಅಲ್ಲಿಯವರೆಗೆ, ಕೇಳುವ ಕಿವಿಯಿಲ್ಲದ ಕರೆಯನ್ನು ಕೆಳಗಿಡುವುದು ಅವಿನಯವಲ್ಲ, ಪೌರನ ಹಕ್ಕು. ಮತಗಟ್ಟೆಗೆ ಹೋಗುವುದನ್ನು ಮಾತ್ರ ಈ ಬೇಸರವು ತಪ್ಪಿಸದಿರಲಿ.