ಬಿಡಿಸುವುದು ಬೇರೆ, ಬಡಿಸುವುದು ಬೇರೆ

ಈಗ ಕಾರು ಕೊಳ್ಳಲು ಹೋದವರು ಮೈಲೇಜಿನ ಜೊತೆಗೇ ಪರದೆ ಎಷ್ಟು ಇಂಚು ಎಂದೂ ಕೇಳುತ್ತಾರೆ. ಸ್ಪೀಡೋಮೀಟರಿನ ಮುಳ್ಳು ಹೋಗಿ ಮುಳ್ಳಿನ ಚಿತ್ರ ಬಂದಿದೆ. ರಿವರ್ಸ್ ತೆಗೆಯುವಾಗ ಕತ್ತು ತಿರುಗಿಸುವವರು ಕಡಿಮೆಯಾಗಿ ಕ್ಯಾಮೆರಾ ನೋಡುವವರು ಹೆಚ್ಚಾಗಿದ್ದಾರೆ. ಸ್ಕೂಟರೂ ಹಿಂದೆ ಬಿದ್ದಿಲ್ಲ, ಬೆಂಗಳೂರಿನ ಏಥರ್ 2018ರಲ್ಲಿ ತಂದ ಮೊದಲ ಸ್ಕೂಟರಿನಲ್ಲೇ 7 ಇಂಚಿನ ಟಚ್‌ಸ್ಕ್ರೀನ್ ಇತ್ತು. ಈ ಪರದೆಗಳ ಹಿಂದೆಲ್ಲ ಡಿಸ್‌ಪ್ಲೇ ಕಂಟ್ರೋಲರ್ ಎಂಬ ಭಾಗವೊಂದು ಇರುತ್ತದೆ. ಜಾಹೀರಾತಿನಲ್ಲಿ ಅದರ ಸುದ್ದಿ ಬರುವುದಿಲ್ಲ. ಹಾಗಾಗಿ ಗ್ರಾಹಕರಲ್ಲಷ್ಟೇ ಅಲ್ಲ, ಎಂಬೆಡೆಡ್ ಕೆಲಸಕ್ಕೆ ಹೊಸದಾಗಿ ಸೇರಿದ ಎಂಜಿನಿಯರುಗಳಲ್ಲೂ ಅದರ ಬಗ್ಗೆ ತಪ್ಪು ತಿಳಿವಳಿಕೆ ಸಾಕಷ್ಟಿದೆ.

ತಪ್ಪು ಕಲ್ಪನೆ: ಜಿಪಿಯು ಜೋರಾಗಿದ್ದರೆ ಪರದೆ ತಾನಾಗಿಯೇ ಚೆನ್ನಾಗಿರುತ್ತದೆ.

ವಾಸ್ತವ: ಮದುವೆಮನೆಯಲ್ಲಿ ಅಡುಗೆಯವರು ಬೇರೆ, ಪಂಕ್ತಿಗೆ ಬಡಿಸುವವರು ಬೇರೆ. ಜಿಪಿಯು ಚಿತ್ರ ಬಿಡಿಸಿ ಮೆಮೊರಿಯಲ್ಲಿ ಇಡುತ್ತದೆ. ಆ ಜಾಗಕ್ಕೆ ಫ್ರೇಮ್ ಬಫರ್ ಎನ್ನುತ್ತಾರೆ. ಅಲ್ಲಿಂದ ಒಂದೊಂದೇ ಪಿಕ್ಸೆಲ್ ಎತ್ತಿ, ಸಾಲು ತಪ್ಪದೆ, ಹೊತ್ತು ಮೀರದೆ ಪರದೆಗೆ ಮುಟ್ಟಿಸುವುದು ಡಿಸ್‌ಪ್ಲೇ ಕಂಟ್ರೋಲರ್. ಜಿಪಿಯು ಒಂದು ಫ್ರೇಮ್ ತಡಮಾಡಿದರೆ ಹಳೆಯ ಚಿತ್ರವೇ ಇನ್ನೊಮ್ಮೆ ಹೋಗುತ್ತದೆ, ಬಹುಪಾಲು ಜನರಿಗೆ ಗೊತ್ತೂ ಆಗುವುದಿಲ್ಲ. ಕಂಟ್ರೋಲರ್ ಕೆಲವೇ ಮೈಕ್ರೊಸೆಕೆಂಡ್ ತಡವಾದರೂ ಚಿತ್ರ ನಡುಗುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ.

ಬಡಿಸುವ ಹೊತ್ತಿನಲ್ಲೇ ಬೆರೆಸುವ ಕೆಲಸವನ್ನೂ ಅದು ಮಾಡುತ್ತದೆ. ಮೀಟರಿನ ಹಿನ್ನೆಲೆ ಒಂದು ಲೇಯರ್, ಮುಳ್ಳು ಇನ್ನೊಂದು, ಎಚ್ಚರಿಕೆಯ ದೀಪಗಳು ಮತ್ತೊಂದು. ಇವನ್ನು ಒಂದರ ಮೇಲೊಂದು ಹೊಂದಿಸಿ ನೇರವಾಗಿ ಪರದೆಗೆ ಕಳಿಸುವುದರಿಂದ, ಬೆರೆತ ಚಿತ್ರವನ್ನು ಮತ್ತೆ ಮೆಮೊರಿಗೆ ಬರೆಯುವ ಗೋಜಿಲ್ಲ. ಎಸ್‌ಟಿಎಂ32ಎಫ್429 ಎಂಬ ಸಣ್ಣ ಮೈಕ್ರೊಕಂಟ್ರೋಲರಿನಲ್ಲಿ ಜಿಪಿಯು ಇಲ್ಲವೇ ಇಲ್ಲ. ಎರಡು ಲೇಯರಿನ ಕಂಟ್ರೋಲರ್ ಮತ್ತು ಚಿತ್ರ ನಕಲು ಮಾಡಿ ಬೆರೆಸುವ ಒಂದು ಪುಟ್ಟ ಘಟಕ ಇವೆ, ಅಷ್ಟೆ. ಒಂದು ಸಾಧಾರಣ ಮೀಟರಿಗೆ ಅಷ್ಟು ಸಾಕು.

ತಪ್ಪು ಕಲ್ಪನೆ: ಚಿತ್ರ ಬದಲಾಗದಿದ್ದರೆ ಕೆಲಸವೂ ಇಲ್ಲ.

ವಾಸ್ತವ: ಸ್ವಂತ ಮೆಮೊರಿ ಇರುವ ಕೆಲವು ಪುಟ್ಟ ಪರದೆಗಳಿಗೆ ಈ ಮಾತು ಒಪ್ಪುತ್ತದೆ. ಕಾರಿನಲ್ಲಿ ಬಳಸುವ ಪರದೆಗಳಿಗೆ ಒಪ್ಪುವುದಿಲ್ಲ. ಅವಕ್ಕೆ ನೆನಪಿಲ್ಲ, ಸೆಕೆಂಡಿಗೆ 60 ಸಲ ಇಡೀ ಚಿತ್ರವನ್ನು ಮೊದಲಿಂದ ಕಳಿಸುತ್ತಲೇ ಇರಬೇಕು.

800×480ರ ಮಾಮೂಲಿ ಪರದೆಯ ಲೆಕ್ಕ ನೋಡಿ. ಕಣ್ಣಿಗೆ ಕಾಣುವುದು ಸಾಲಿಗೆ 800 ಪಿಕ್ಸೆಲ್, ಆದರೆ ಸಾಲಿನಿಂದ ಸಾಲಿಗೆ ಸರಿಯುವ ಬಿಡುವೂ ಸೇರಿ ಗಡಿಯಾರ 1056 ಸಲ ಬಡಿಯುತ್ತದೆ. ಸಾಲುಗಳೂ 480 ಅಲ್ಲ, 525. ಗುಣಿಸಿದರೆ ಪಿಕ್ಸೆಲ್ ಕ್ಲಾಕ್ ಸುಮಾರು 33 ಮೆಗಾಹರ್ಟ್ಸ್, ಒಂದು ಸಾಲಿಗೆ ಸಿಗುವ ಸಮಯ ಸುಮಾರು 32 ಮೈಕ್ರೊಸೆಕೆಂಡ್. ಪಿಕ್ಸೆಲ್ಲಿಗೆ ಎರಡು ಬೈಟ್ ಎಂದರೂ ಸೆಕೆಂಡಿಗೆ 4.6 ಕೋಟಿ ಬೈಟ್ ಓದಬೇಕು. ಇನ್ನು 1920×720ರ ಅಗಲ ಪರದೆ, ಪಿಕ್ಸೆಲ್ಲಿಗೆ ನಾಲ್ಕು ಬೈಟ್, ಮೂರು ಲೇಯರ್ ಎಂದುಕೊಂಡರೆ ಅದು ಹತ್ತಿರ ಹತ್ತಿರ 100 ಕೋಟಿಗೆ ಏರುತ್ತದೆ. ಕಾರು ಸಿಗ್ನಲ್ಲಿನಲ್ಲಿ ನಿಂತಿದ್ದು ಒಂದು ಅಂಕಿಯೂ ಬದಲಾಗದೆ ಇರುವಾಗಲೂ ಈ ಓದು ನಿಲ್ಲುವುದಿಲ್ಲ.

ಅದೇ ಮೆಮೊರಿಗೆ ಪ್ರೊಸೆಸರ್, ಜಿಪಿಯು, ಕ್ಯಾಮೆರಾ ಎಲ್ಲವೂ ಕೈಹಾಕುತ್ತವೆ. ನೂಕುನುಗ್ಗಲಿನಲ್ಲಿ ಕಂಟ್ರೋಲರಿಗೆ ಸರದಿ ಸಿಗದೆ ಅದರ ಕೈಯಲ್ಲಿದ್ದ ದಾಸ್ತಾನು ಖಾಲಿಯಾದರೆ ಅದೇ ಅಂಡರ್‌ರನ್. ಮೇಜಿನ ಮೇಲೆ ಪರೀಕ್ಷಿಸುವಾಗ ಎಲ್ಲ ಸರಿಯಿರುತ್ತದೆ, ಕ್ಯಾಮೆರಾ ಶುರುವಾದೊಡನೆ ಚಿತ್ರ ಮಿಣಮಿಣ ಎನ್ನುತ್ತದೆ. ಎಲ್ಲರೂ ಪರದೆಯನ್ನೋ ಕೇಬಲ್ಲನ್ನೋ ಬೈಯುತ್ತಾರೆ. ಪರಿಹಾರ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ. ಮೆಮೊರಿಯ ಸರದಿಯಲ್ಲಿ ಕಂಟ್ರೋಲರಿಗೆ ಮೊದಲ ಆದ್ಯತೆ ಕೊಡುವುದು, ಒಂದು ಲೇಯರ್ ಕಡಿಮೆ ಮಾಡುವುದು, ಅಥವಾ ಹಿನ್ನೆಲೆಗೆ 256 ಬಣ್ಣಗಳ ಪ್ಯಾಲೆಟ್ ಬಳಸಿ ನಾಲ್ಕು ಬೈಟನ್ನು ಒಂದಕ್ಕೆ ಇಳಿಸುವುದು.

ತಪ್ಪು ಕಲ್ಪನೆ: ಒಳ್ಳೆಯ ಟ್ಯಾಬ್ಲೆಟ್ ಒಂದನ್ನು ಡ್ಯಾಶ್‌ಬೋರ್ಡಿಗೆ ಕೂರಿಸಿದರೆ ಮುಗಿಯಿತು.

ವಾಸ್ತವ: ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಎಂದು ಆಪಲ್ ಹೇಳುತ್ತದೆ. ವಾಹನದ ಚಿಪ್ಪುಗಳ ಎಇಸಿ-ಕ್ಯು100 ಮಾನದಂಡದ ಎರಡನೇ ದರ್ಜೆಗೆ ಮೈನಸ್ 40ರಿಂದ 105 ಡಿಗ್ರಿ ತಡೆಯಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದವರಿಗೆ ಕಾರಣ ಹೇಳಬೇಕಿಲ್ಲ.

ಶಾಖಕ್ಕಿಂತ ಹೊತ್ತಿನದು ಇನ್ನೂ ಬಿಗಿ. ಅಮೆರಿಕದಲ್ಲಿ 2018ರ ಮೇ 1ರಿಂದ ತಯಾರಾಗುವ ಕಾರುಗಳಿಗೆ ಹಿಂಬದಿಯ ಕ್ಯಾಮೆರಾ ಕಡ್ಡಾಯ, ಹಿಂದಕ್ಕೆ ಹೊರಟ 2 ಸೆಕೆಂಡಿನೊಳಗೆ ಚಿತ್ರ ಬರಬೇಕು. ಆಂಡ್ರಾಯ್ಡ್ ಅಷ್ಟರಲ್ಲಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಆದ್ದರಿಂದ ಚಿಪ್ಪಿನ ಪುಟ್ಟ ಕೋರ್ ಒಂದು ಮೊದಲೇ ಎದ್ದು, ಕ್ಯಾಮೆರಾದ ಚಿತ್ರವನ್ನು ಕಂಟ್ರೋಲರಿನ ಒಂದು ಲೇಯರಿಗೆ ನೇರವಾಗಿ ಜೋಡಿಸಿಬಿಡುತ್ತದೆ. ದೊಡ್ಡ ವ್ಯವಸ್ಥೆ ಎದ್ದ ಮೇಲೆ ಅದರ ಚಿತ್ರ ಬೇರೆ ಲೇಯರಿನಲ್ಲಿ ಬಂದು ಸೇರುತ್ತದೆ.

ಬಾಳಿಕೆಯ ಮಾತಿಗೆ ಟೆಸ್ಲಾ ಉದಾಹರಣೆ ಇದೆ. 2021ರಲ್ಲಿ ಅದು ಮಾಡೆಲ್ ಎಸ್, ಮಾಡೆಲ್ ಎಕ್ಸ್ ಸೇರಿ ಸುಮಾರು 1,35,000 ಕಾರುಗಳನ್ನು ವಾಪಸು ಕರೆಯಬೇಕಾಯಿತು. ಕೆಟ್ಟಿದ್ದು ಪರದೆಯಲ್ಲ, ಅದರ ಹಿಂದಿನ 8 ಜಿಬಿ ಫ್ಲ್ಯಾಶ್ ಮೆಮೊರಿ. ಬರೆದು ಬರೆದು ಅದು ಸವೆದಾಗ ಪರದೆ ಸತ್ತು, ಹಿಂಬದಿಯ ಕ್ಯಾಮೆರಾವೂ ಕಾಣದಂತಾಗುತ್ತಿತ್ತು.

ತಪ್ಪು ಕಲ್ಪನೆ: ಚಿತ್ರ ಕಾಣುತ್ತಿದೆ ಎಂದರೆ ಎಲ್ಲವೂ ಸರಿಯಿದೆ.

ವಾಸ್ತವ: ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಚೆಂದದ ಎಂಜಿನಿಯರಿಂಗ್ ಇಲ್ಲಿದೆ. ಪರದೆ ಕಪ್ಪಾದರೆ ಚಾಲಕನಿಗೆ ಗೊತ್ತಾಗುತ್ತದೆ. ಬ್ರೇಕ್ ಕೆಟ್ಟಿದ್ದೂ ಕೆಂಪು ದೀಪದ ಚಿತ್ರ ಬಾರದಿದ್ದರೆ ಗೊತ್ತಾಗುವುದಿಲ್ಲ. ವಾಹನಗಳ ಸುರಕ್ಷತೆಯ ಐಎಸ್‌ಒ 26262 ಮಾನದಂಡ ಅಪಾಯವನ್ನು ಎಯಿಂದ ಡಿವರೆಗೆ ಅಳೆಯುತ್ತದೆ. ಮೀಟರಿನ ಎಚ್ಚರಿಕೆಯ ದೀಪಗಳು ಸಾಮಾನ್ಯವಾಗಿ ಬಿ ದರ್ಜೆಗೆ ಬರುತ್ತವೆ. ಲಕ್ಷಾಂತರ ಸಾಲುಗಳ ಗ್ರಾಫಿಕ್ಸ್ ಸಾಫ್ಟ್‌ವೇರನ್ನೆಲ್ಲ ಆ ದರ್ಜೆಗೆ ತರುವುದು ಆಗದ ಹೋಗದ ಮಾತು.

ಅದಕ್ಕೆ ಉಪಾಯ ಕಂಟ್ರೋಲರಿನ ಬಾಗಿಲಲ್ಲಿ ಕಾವಲು ಹಾಕುವುದು. ಕೆಂಪು ದೀಪ ಇರಬೇಕಾದ ಪುಟ್ಟ ಚೌಕದ ಪಿಕ್ಸೆಲ್ಲುಗಳು ಹೊರಗೆ ಹೋಗುವಾಗ ಹಾರ್ಡ್‌ವೇರ್ ಅವನ್ನೆಲ್ಲ ಅರೆದು ಒಂದು ಸಂಖ್ಯೆ ಮಾಡುತ್ತದೆ. ಇದು ಸಿಆರ್‌ಸಿ. ದೀಪ ಸರಿಯಾಗಿ ಹೊತ್ತಿದ್ದರೆ ಆ ಸಂಖ್ಯೆ ಎಷ್ಟಿರಬೇಕೆಂದು ಮೊದಲೇ ಗೊತ್ತಿರುತ್ತದೆ, ಹೊಂದದಿದ್ದರೆ ಸುರಕ್ಷತೆಯ ಕೋರ್ ಎಚ್ಚೆತ್ತು ಬೀಪ್ ಹೊಡೆಯುತ್ತದೆ ಅಥವಾ ವ್ಯವಸ್ಥೆಯನ್ನು ರೀಸೆಟ್ ಮಾಡುತ್ತದೆ. ಚಿತ್ರ ಯಾರು ಬಿಡಿಸಿದರು, ಹೇಗೆ ಬಿಡಿಸಿದರು ಎಂಬ ಚಿಂತೆ ಅದಕ್ಕಿಲ್ಲ. ದೀಪದ ಹಿಂದೆ ಅಲುಗುವ ನಕ್ಷೆ ಇಟ್ಟರೆ ಮಾತ್ರ ಲೆಕ್ಕ ಕೆಡುತ್ತದೆ. ಎಚ್ಚರಿಕೆಯ ದೀಪಗಳನ್ನು ಒಂದೇ ಬಣ್ಣದ ಪಟ್ಟಿಯ ಮೇಲೆ ಇಡುವುದಕ್ಕೆ ಇದೂ ಒಂದು ಕಾರಣ.

ಕ್ಯಾಮೆರಾಕ್ಕೆ ಪರೀಕ್ಷೆ ತಿರುಗುಮುರುಗು. ಅಲ್ಲಿ ಭಯ ಚಿತ್ರ ಹೆಪ್ಪುಗಟ್ಟುವುದರದು. ಹಿಂದೆ ಯಾರೂ ಇಲ್ಲ ಎಂದು ತೋರಿಸುತ್ತಿರುವುದು ಐದು ಸೆಕೆಂಡ್ ಹಿಂದಿನ ಚಿತ್ರವಾಗಿರಬಹುದು. ನಿಜವಾದ ಕ್ಯಾಮೆರಾದಲ್ಲಿ ಸಣ್ಣ ಗದ್ದಲ ಇದ್ದೇ ಇರುವುದರಿಂದ, ನಿಂತ ಗೋಡೆಯನ್ನು ತೋರಿಸಿದರೂ ಎರಡು ಫ್ರೇಮ್ ತದ್ರೂಪಾಗಿರುವುದಿಲ್ಲ. ಹಾಗಾಗಿ ಸಿಆರ್‌ಸಿ ಸತತವಾಗಿ ಒಂದೇ ಬಂದರೆ ಅನುಮಾನ! ಇಷ್ಟೆಲ್ಲ ಆದರೂ ಬ್ಯಾಕ್‌ಲೈಟ್ ಹೋದರೆ ಈ ಕಾವಲಿಗೆ ತಿಳಿಯದು, ಅದನ್ನು ಬೇರೆಯೇ ಅಳೆಯಬೇಕು.

ತಪ್ಪು ಕಲ್ಪನೆ: ಅಕ್ಷರದ ಗಾತ್ರ ಡಿಸೈನರನ ಇಷ್ಟ.

ವಾಸ್ತವ: 2024ರ ಫೆಬ್ರವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 22 ಲಕ್ಷ ಕಾರುಗಳಿಗೆ ರೀಕಾಲ್ ಘೋಷಿಸಿತು. ಬ್ರೇಕ್, ಪಾರ್ಕ್, ಎಬಿಎಸ್ ಸೂಚನೆಗಳ ಅಕ್ಷರ ನಿಯಮದ 3.2 ಮಿಲಿಮೀಟರಿಗಿಂತ ಸಣ್ಣದಿತ್ತು. ಸಾಫ್ಟ್‌ವೇರ್ ಕಳಿಸಿ ಸರಿಮಾಡಿದರು.

ತಪ್ಪು ಕಲ್ಪನೆ: ಡಿಸ್‌ಪ್ಲೇ ಕಂಟ್ರೋಲರ್ ಹಳೇ ಕಾಲದ ಚಿಪ್ಪು, ಈಗ ಬೇಕಿಲ್ಲ.

ವಾಸ್ತವ: ಹಳೆಯದು ಹೌದು. ಜಪಾನಿನ ಎನ್‌ಇಸಿ 1982ರಲ್ಲಿ ತಂದ ಪಿಸಿ-9801 ಕಂಪ್ಯೂಟರಿನಲ್ಲಿ ತನ್ನದೇ 7220 ಕಂಟ್ರೋಲರುಗಳನ್ನು ಎರಡು ಇಟ್ಟಿತ್ತು, ಅಕ್ಷರಕ್ಕೊಂದು, ಚಿತ್ರಕ್ಕೊಂದು. ಮುಂದೆ ಫುಜಿತ್ಸು ಕಾರುಗಳಿಗೆಂದೇ ಇಂಥ ಬಿಡಿ ಚಿಪ್ಪುಗಳನ್ನು ಮಾಡಿತು. ಈಗ ಬಿಡಿ ಚಿಪ್ಪು ಅಪರೂಪವಾಗಿ, ದೊಡ್ಡ ಚಿಪ್ಪಿನೊಳಗೆ ಅದೊಂದು ಮೂಲೆ ಹಿಡಿದಿದೆ. ಬೇಡವಾಗಿಲ್ಲ: ತನ್ನದೇ ಗತಿಯಲ್ಲಿ ಓಡುವ ಪ್ರತಿ ಪರದೆಗೂ ತನ್ನದೇ ಕಂಟ್ರೋಲರ್ ಬೇಕು. ಮೂರು ಪರದೆ ಯೋಜಿಸಿ ಎರಡೇ ಕಂಟ್ರೋಲರ್ ಇರುವ ಚಿಪ್ಪು ಆರಿಸಿಕೊಂಡರೆ, ಎರಡು ಪರದೆಯ ಚಿತ್ರವನ್ನು ಅಗಲವಾಗಿ ಒಂದೇ ಮಾಡಿ ಕಳಿಸಿ, ಮುಂದೆ ಪರದೆಯ ಕೇಬಲ್ಲಿಗೆ ಚಿತ್ರ ಹಾಕುವ ಸೀರಿಯಲೈಸರ್ ಚಿಪ್ಪಿನಲ್ಲಿ ಸೀಳುವ ದಾರಿಯುಂಟು. ಆಗ ಆ ಎರಡೂ ಪರದೆಗಳು ಒಂದೇ ಗತಿಗೆ ಕಟ್ಟುಬೀಳುತ್ತವೆ. ಡೇಟಾಶೀಟಿನಲ್ಲಿ ಜಿಪಿಯು ಅಂಕಿಗಿಂತ ಮೊದಲು ಡಿಸ್‌ಪ್ಲೇ ಔಟ್‌ಪುಟ್ ಎಷ್ಟು, ಒಂದೊಂದಕ್ಕೆ ಲೇಯರ್ ಎಷ್ಟು ಎಂದು ಅನುಭವಿಗಳು ಹುಡುಕುವುದು ಇದಕ್ಕೇ.